ಮೆಟ್ಟಿಲಿನ ಭವ್ಯತೆ: ಒಂದು ವಿಮರ್ಶೆ

ನಮ್ಮ ವಾಸ್ತುಚರಿತ್ರೆಯ ಬರೆಹಗಳಲ್ಲಿ ಮೆಟ್ಟಿಲಿಗೆ ದೊರೆತಿರುವ ಸ್ಥಾನ ಅಲಂಕಾರದ್ದು. ಬೆಂಗಳೂರಿನ ವಿಧಾನಸೌಧವನ್ನು ವರ್ಣಿಸುವಾಗ ಉದ್ದ 700 ಅಡಿ, ಅಗಲ 350 ಅಡಿ ಎಂದು ಅಳತೆ ಕೊಟ್ಟು, ಪೂರ್ವದಿಕ್ಕಿನ 45 ಮೆಟ್ಟಿಲುಗಳನ್ನು ಕೊಂಡಾಡಿ ಮುಂದೆ ಸಾಗುವುದು ವಾಡಿಕೆ. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದುದು, ಕೆಂಗಲ್ ಹನುಮಂತಯ್ಯನವರು ಮೊದಲ ನಕ್ಷೆಯನ್ನು ಬದಲಿಸಿ ಹಿಗ್ಗಿಸಿದುದು, ವೆಚ್ಚದ ವಿಷಯದಲ್ಲಿ ಎದ್ದ ವಾಗ್ವಾದ, 1956ರಲ್ಲಿ ಕೆಲಸ ಮುಗಿದುದು, ಇವೆಲ್ಲ ವಿಸ್ತಾರವಾಗಿ ಬರುತ್ತವೆ. ಆ ಮೆಟ್ಟಿಲುಗಳನ್ನು ಏರಬಲ್ಲವರು ಯಾರು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ.

ಹೊಯ್ಸಳ ದೇವಾಲಯದ ಜಗತಿಯನ್ನು ಪಾಠ ಹೇಳುವಾಗಲೂ ಹೀಗೆಯೇ. ಅದು ಪ್ರದಕ್ಷಿಣೆಗೆ ಅನುಕೂಲವೆನ್ನುತ್ತೇವೆ. ಕಾಲಿಲ್ಲದವನ ಪ್ರದಕ್ಷಿಣೆಯ ಮಾತು ನಮಗೆ ಹೊಳೆಯುವುದಿಲ್ಲ. ನಾನೂ ಹಾಗೆಯೇ ಬೋಧಿಸಿದವನು. ಆದರೆ 12ನೆಯ ಶತಮಾನದ ಶಿಲ್ಪಿಗೆ ಸಲ್ಲುವ ರಿಯಾಯಿತಿ, ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಹಣೆಯ ಮೇಲೆ ಕೆತ್ತಿಸಿಕೊಂಡ ಪ್ರಜಾರಾಜ್ಯದ ಸೌಧಕ್ಕೆ ಸಲ್ಲದು.

ಪಕ್ಕದಲ್ಲೊಂದು ಇಳಿಜಾರು ಕಟ್ಟಿದರಾಯಿತು ಎಂಬುದು ಸುಲಭದ ಉತ್ತರ. ಲೆಕ್ಕ ಹಾಕಿ ನೋಡಬೇಕು. ಮೆಟ್ಟಿಲೊಂದಕ್ಕೆ 6 ಅಂಗುಲವೆಂದು ಇಟ್ಟುಕೊಂಡರೂ 45ಕ್ಕೆ ಇಪ್ಪತ್ತೆರಡೂವರೆ ಅಡಿ ಎತ್ತರ. 1 ಅಡಿ ಏರಿಕೆಗೆ 12 ಅಡಿ ಓಟವೆಂಬ ಸಾಮಾನ್ಯ ಪ್ರಮಾಣದಂತೆ 270 ಅಡಿ ಇಳಿಜಾರು ಬೇಕು; ನಡುವೆ ದಣಿವಾರಿಸಿಕೊಳ್ಳುವ ಸಮತಟ್ಟುಗಳು ಬೇರೆ. ಗಾಲಿಕುರ್ಚಿಯವನಿಗೆ ಇದು ದಾರಿಯಲ್ಲ, ಶಿಕ್ಷೆ. ನೆಲಮಟ್ಟದ ಬಾಗಿಲು ಮತ್ತು ಲಿಫ್ಟು, ಇವೇ ಉಚಿತ. ಹಾಗಿದ್ದರೆ ಆ ಬಾಗಿಲು ಬೇಡಿ ತೆರೆಸಿಕೊಳ್ಳುವ ಹಿಂಬಾಗಿಲಾಗಬಾರದು. ಎಲ್ಲರೂ ಅದರಿಂದಲೇ ಬರುವಂತಾದರೆ ಅದೇ ಮುಂಬಾಗಿಲು.

ಕಾನೂನಿನ ಕಥೆಯೂ ಮೆಟ್ಟಿಲಿನಂತೆಯೇ ಇದೆ. 1995ರ ಅಧಿನಿಯಮವು ಇಳಿಜಾರುಗಳನ್ನು ಹೇಳಿತಾದರೂ, ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟು ಎಂಬ ಮಾತನ್ನು ಜೊತೆಗಿಟ್ಟಿತು. 2016ರ ಅಧಿನಿಯಮ ಇನ್ನೂ ಗಟ್ಟಿಯಾದುದು. ನಿಯಮಗಳು ಹೊರಟ 5 ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸುಗಮಗೊಳಿಸಬೇಕೆಂದಿತು. ನಿಯಮಗಳು ಹೊರಟದ್ದು 2017ರಲ್ಲಿ; ಅವಧಿ 2022ಕ್ಕೇ ತೀರಿತು. ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ರೋಗದ ಮೂಲವನ್ನೇ ಹಿಡಿಯಿತು: ನಿಯಮಗಳು ಮಾನದಂಡವೆಂದು ಕರೆದುದೆಲ್ಲ ಬರಿಯ ಮಾರ್ಗದರ್ಶನವಾಗಿದ್ದು, ಅಧಿನಿಯಮದ ಕಡ್ಡಾಯವನ್ನು ಐಚ್ಛಿಕವಾಗಿ ಇಳಿಸಿದ್ದವು. 3 ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ರೂಪಿಸಬೇಕೆಂದು ಆಜ್ಞೆಯಾಯಿತು.

ಪುರಾತನ ಕಟ್ಟಡಗಳ ಪಾವಿತ್ರ್ಯಕ್ಕೆ ಭಂಗ ಬರುವುದೆಂಬ ಆಕ್ಷೇಪ ಈ ಚರ್ಚೆಯಲ್ಲಿ ಇತಿಹಾಸಕಾರರಿಂದಲೇ ಬರುವುದುಂಟು. ವಿದ್ಯುತ್ ತಂತಿ, ನೀರಿನ ಕೊಳವೆ, ಹವಾನಿಯಂತ್ರಣದ ಪೆಟ್ಟಿಗೆಗಳು ಗೋಡೆ ಕೊರೆದು ಒಳಹೊಕ್ಕಾಗ ಈ ಆಕ್ಷೇಪ ಎಲ್ಲಿತ್ತೆಂದು ಕೇಳದೆ ವಿಧಿಯಿಲ್ಲ. ಬೇಕಾದಾಗ ಕಳಚಬಹುದಾದ ಮರದ ಇಳಿಜಾರಿನಿಂದ ಕಲ್ಲಿಗೆ ಆಗುವ ಹಾನಿ ಮೊಳೆ ಹೊಡೆದ ನಾಮಫಲಕದಿಂದ ಆಗುವುದಕ್ಕಿಂತ ಕಡಿಮೆ.

ನಮ್ಮ ವಿದ್ಯಾರ್ಥಿಗಳು ಕಟ್ಟಡಗಳ ಸಮೀಕ್ಷೆಗೆ ಹೋದಾಗ ಶೈಲಿ, ಕಾಲ, ಕಟ್ಟಿಸಿದವರ ಹೆಸರು ಇವುಗಳನ್ನು ಬರೆದು ತರುತ್ತಾರೆ. ಜೊತೆಗೆ ಮೆಟ್ಟಿಲುಗಳ ಸಂಖ್ಯೆ, ಒಂದೊಂದರ ಎತ್ತರ, ಹೊಸ್ತಿಲಿನ ಎತ್ತರ, ಬಾಗಿಲಿನ ಅಗಲ ಇವನ್ನೂ ಅಳೆದು ತರಲಿ. ಮೊದಲ ಅಳತೆ ನಮ್ಮ ಕಾಲೇಜುಗಳ ಗ್ರಂಥಾಲಯಗಳದ್ದೇ ಆಗಬಹುದು.