ಸೇವಂತಿಗೆಯ ಮೊದಲ ಪಕ್ಷ

ಬೀಜದಿಂದ ಹುಟ್ಟಿದ ಸೇವಂತಿಗೆಯು ತಾಯಿಯ ಗುಣವನ್ನೇ ಪಡೆದೀತೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬೆಳೆದುದಾದರೋ ಬಣ್ಣದಲ್ಲಿ, ಎಸಳಿನ ಬಾಗಿನಲ್ಲಿ, ಪರಿಮಳದಲ್ಲಿ ತಾಯಿಯ ತದ್ರೂಪವಾಗಿಯೇ ಇರುತ್ತದೆ. ಆದಕಾರಣ ಒಂದೇ ತಾಯಿಯಿಂದ ಒಂದೇ ದಿನ ಕತ್ತರಿಸಿ, ಮರಳಿನ ಪಾತಿಯಲ್ಲಿ ಜೊತೆಯಾಗಿಯೇ ಬೇರುಬಿಟ್ಟ ಎರಡು ಕಡ್ಡಿಗಳಲ್ಲಿ ಒಂದು ಮಾರ್ಗಶಿರದ ವೇಳೆಗೆ ಕುಂಡದ ತುಂಬ ಹೂವನ್ನು ಹೊತ್ತು ನಿಂತು, ಇನ್ನೊಂದು ನಾಲ್ಕು ಬಡ ಮೊಗ್ಗುಗಳಲ್ಲಿಯೇ ಮುಗಿದುಹೋದರೆ, ಆ ಅಂತರಕ್ಕೆ ಕುಲವನ್ನು ಹೊಣೆಮಾಡುವಂತಿಲ್ಲ. ಪೋಷಿಸಿದ ಕೈಯೇ ಉತ್ತರ ಹೇಳಬೇಕು. ಆ ಕೈಯ ಕೆಲಸವು ಬಹುಪಾಲು ನಡೆದುಹೋಗುವುದು ಕಡ್ಡಿಯನ್ನು ನಾಲ್ಕಂಗುಲದ ಮಣ್ಣಿನ ಕುಂಡಕ್ಕೆ ನಾಟಿದ ಮೊದಲ ಪಕ್ಷದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಸೇವಂತಿಗೆಯು ಹಗಲು ಕಿರಿದಾಗಿ ಇರುಳು ಹಿರಿದಾಗುವ ಋತುವಿನಲ್ಲಿ ಮೊಗ್ಗುಕಟ್ಟತಕ್ಕ ಜಾತಿ. ಹಗಲಿರುಳುಗಳ ಪ್ರಮಾಣವು ಸಸ್ಯಗಳ ಹೂಬಿಡುವಿಕೆಯನ್ನು ಆಳುತ್ತದೆಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಪಡಿಸಿದರು. ಗಿಡವು ಮೈತುಂಬಿಕೊಳ್ಳಲೆಂದು ಋತುವು ಕಾದು ನಿಲ್ಲುವುದಿಲ್ಲ. ಆಷಾಢದಲ್ಲಿ ವ್ಯರ್ಥವಾದ ಹದಿನೈದು ದಿನಗಳನ್ನು ಕಾರ್ತಿಕದಲ್ಲಿ ಯಾವ ಗೊಬ್ಬರವೂ ಹಿಂದಿರುಗಿಸಲಾರದು.

ಪಾತಿಯಿಂದ ಎತ್ತಿದ ಕಡ್ಡಿಯ ಬೇರು ನೋಡಲು ಸಮೃದ್ಧವಾಗಿದ್ದರೂ ಬಹಳ ಸುಲಭವಾಗಿ ಮುರಿಯತಕ್ಕದ್ದು. ನೀರನ್ನು ಹೀರುವ ಸೂಕ್ಷ್ಮವಾದ ಮೂಲರೋಮಗಳಲ್ಲಿ ಎಷ್ಟೋ ಪಾಲು ಎತ್ತುವಾಗಲೇ ಹರಿದುಹೋಗಿರುತ್ತದೆ. ಇತ್ತ ಎಲೆಗಳು ಮಾತ್ರ ಎಂದಿನಂತೆ ತೇವವನ್ನು ಆವಿಯಾಗಿ ಹೊರಸೂಸುತ್ತಲೇ ಇರುತ್ತವೆ. ಬೆಂಗಳೂರು ಮೈಸೂರುಗಳ ಆಷಾಢದ ಗಾಳಿಯು ಈ ವೆಚ್ಚವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆಕಾಶದಲ್ಲಿ ಮೋಡವಿದೆಯೆಂಬ ಧೈರ್ಯದಿಂದ ತಾರಸಿಯ ಅಂಚಿನಲ್ಲಿ ಕುಂಡಗಳನ್ನು ಸಾಲಾಗಿಟ್ಟವರು, ಮಧ್ಯಾಹ್ನ ಎಲೆ ಜೋತುಬಿದ್ದುದನ್ನು ಕಂಡು ಚೊಂಬು ಹಿಡಿದು ಧಾವಿಸುವುದುಂಟು. ಮಣ್ಣು ಹಸಿಯಾಗಿರುವಾಗಲೇ ಎಲೆ ಬಾಡಿದರೆ, ನೀರನ್ನು ಮೇಲೆತ್ತುವ ಶಕ್ತಿ ಬೇರಿಗೆ ಇನ್ನೂ ಬಂದಿಲ್ಲವೆಂದೇ ತಿಳಿಯತಕ್ಕದ್ದು; ಆಗ ಬೇಕಾದುದು ನೆರಳು, ಗಾಳಿಗೆ ಮರೆ, ಎಲೆಗಳ ಮೇಲೆ ಒಂದಿಷ್ಟು ತುಂತುರು. ಸಂಜೆಯ ವೇಳೆಗೆ ಎಲೆಗಳು ನೆಟ್ಟಗಾದುವೆಂದರೆ ಆತಂಕಕ್ಕೆ ಎಡೆಯಿಲ್ಲ.

ನಾಟಿದ ದಿನದ ನೀರು ಧಾರಾಳವಾಗಿರಬೇಕು: ಜರಡಿಮೂತಿಯ ಡಬ್ಬಿಯಿಂದ ಮೆಲ್ಲಮೆಲ್ಲನೆ ಹುಯ್ದು, ಮಣ್ಣು ಬೇರಿಗೆ ಒತ್ತಿಕೊಂಡು, ತಳದ ತೂತಿನಿಂದ ನೀರು ಹೊರಕ್ಕೆ ಹರಿಯುವಷ್ಟು. ಅನಂತರ ಕುಂಡವನ್ನು ಕೈಯಲ್ಲೆತ್ತಿ ಅದರ ಭಾರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಗಿಡದ ಬಾಯಾರಿಕೆಯನ್ನು ತೂಕದಿಂದ ಅರಿಯುವ ಈ ಮಾರ್ಗಕ್ಕೆ ದೊಡ್ಡ ಪೂರ್ವಿಕರಿದ್ದಾರೆ. 1727ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸರು, ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯನ್ನು ಬೆಳಗು ಸಂಜೆ ತಕ್ಕಡಿಯಲ್ಲಿಟ್ಟು ಎಲೆಗಳು ಹೊರಹಾಕಿದ ನೀರನ್ನು ಅಳೆದ ವೃತ್ತಾಂತವನ್ನು ವಿವರಿಸಿರುವರು. ನಮಗೆ ತಕ್ಕಡಿ ಬೇಡ. ಕುಂಡವು ಸ್ಪಷ್ಟವಾಗಿ ಹಗುರವಾಗಿ, ಮೇಲ್ಮಣ್ಣು ಬೆರಳಿನ ಮೊದಲ ಗೆಣ್ಣಿನವರೆಗೆ ಒಣಗಿದಾಗ ಮತ್ತೆ ತುಂಬ ನೀರು ಹಾಕಿದರಾಯಿತು. ದಿನಕ್ಕೊಂದು ಗುಟುಕಿನಂತೆ ಎರೆಯುವ ಪದ್ಧತಿಯನ್ನು ನಾನು ಒಪ್ಪಲಾರೆ. ಮೇಲಿನ ಅಂಗುಲ ಸದಾ ಕೆಸರಾಗಿ ಕೆಳಗಿನ ಮಣ್ಣು ಒಣಗಿಯೇ ಉಳಿದರೆ ಬೇರು ಕೆಳಕ್ಕಿಳಿಯುವುದಾದರೂ ಹೇಗೆ? ಬೇರೂ ಉಸಿರಾಡತಕ್ಕದ್ದೇ, ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತುಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುವುದರಿಂದ, ನೀರು ಕಟ್ಟಿಕೊಂಡ ಮಣ್ಣಿನಲ್ಲಿ ಎಳೆಯ ಬೇರು ಉಸಿರುಕಟ್ಟಿ, ಕೊಳೆರೋಗಕ್ಕೆ ಈಡಾಗುತ್ತದೆ.

ಇದಕ್ಕೆ ಪರಿಹಾರವೆಂದು ಕುಂಡದ ತಳದಲ್ಲಿ ಹಿಡಿಹಿಡಿಯಾಗಿ ಜಲ್ಲಿ ತುಂಬುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಆದರೆ ನಯವಾದ ಮಣ್ಣಿನಲ್ಲಿರುವ ನೀರು ಒರಟಾದ ಜಲ್ಲಿಯೊಳಕ್ಕೆ ಇಳಿಯಬೇಕಾದರೆ ಮಣ್ಣು ಮೊದಲು ನೆನೆದು ತುಂಬಿರಬೇಕು. ಹೀಗಾಗಿ ಕೆಸರಿನ ಪದರವು ಮಾಯವಾಗುವ ಬದಲು ಜಲ್ಲಿಯ ಎತ್ತರದಷ್ಟು ಮೇಲಕ್ಕೇರಿ ಬೇರಿಗೆ ಮತ್ತಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೊಂದು ಬೋಕಿ ಸಾಕು. ಮಣ್ಣಿಗೇ ಮರಳನ್ನೂ ಎಲೆಗೊಬ್ಬರವನ್ನೂ ಬೆರೆಸಿ ಅದನ್ನು ಸಡಿಲಗೊಳಿಸುವುದು ಮೇಲು. ಮೊದಲಿಗೇ ದೊಡ್ಡ ಕುಂಡಕ್ಕೆ ಹಾಕಬಾರದೆಂಬುದಕ್ಕೂ ಕಾರಣವಿದೇ: ಬೇರು ಮುಟ್ಟದ ಮಣ್ಣು ಬೇಗ ಒಣಗದು.

ಇನ್ನು ಆಹಾರದ ಮಾತು. ಫ್ಲಾಂಡರ್ಸ್ ಪ್ರಾಂತದ ವಾನ್ ಹೆಲ್ಮಾಂಟರು 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡು ತೂಕದ ವಿಲ್ಲೋ ಮರದ ಸಸಿಯೊಂದನ್ನು ನಾಟಿ, ಐದು ವರ್ಷ ನೀರನ್ನಷ್ಟೇ ಎರೆದರು. ಮರವು 169 ಪೌಂಡಾಯಿತು, ಮಣ್ಣಿನಲ್ಲಿ ಕಡಮೆಯಾದುದು ಕೇವಲ ಎರಡು ಔನ್ಸು. ಅವರು ಕಾಲವಾದ ಮೇಲೆ 1648ರಲ್ಲಿ ಈ ಪ್ರಯೋಗ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದುದೆಂಬ ಅವರ ನಿರ್ಣಯವು ನಿಲ್ಲಲಿಲ್ಲ, ಏಕೆಂದರೆ ಗಾಳಿಯ ಅಂಗಾರಾಮ್ಲವು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ಗಿಡವು ಮಣ್ಣಿನಿಂದ ಪಡೆಯುವುದು ಎಷ್ಟು ಸ್ವಲ್ಪವೆಂಬುದಕ್ಕೆ ಆ ಎರಡು ಔನ್ಸು ಇಂದಿಗೂ ಸಾಕ್ಷಿ. ಜ್ವರ ಬಿಟ್ಟವನಿಗೆ ತಿಳಿಗಂಜಿಯೇ ಪಥ್ಯವಾಗಿರುವಂತೆ, ಹೊಸ ಕುಂಡದ ಕಡ್ಡಿಗೂ ತೆಳುವಾದ ಆಹಾರವೇ ಹಿತ, ಅದೂ ತಡವಾಗಿ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಬೇರಿಗೆ ನೀರನ್ನು ಸೆಳೆದುಕೊಳ್ಳುವುದು ಕಷ್ಟವಾಗಿ, ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಆದ್ದರಿಂದ ತುದಿಯಲ್ಲಿ ತಿಳಿಹಸುರಿನ ಹೊಸ ಎಲೆ ಬಿಚ್ಚಿಕೊಳ್ಳುವ ತನಕ ಬರಿಯ ನೀರು. ಅನಂತರ ಅಂಗಡಿಯ 19:19:19 ಗೊಬ್ಬರವಾದರೆ ಲೀಟರಿಗೆ ಅರ್ಧ ಗ್ರಾಂ. ಅಷ್ಟರಲ್ಲಿಯೇ 95 ಮಿಲಿಗ್ರಾಂ ಸಾರಜನಕವಿರುವುದರಿಂದ ಇನ್ನೂ ಹೆಚ್ಚಿಸುವ ಅಗತ್ಯವಿಲ್ಲ. ಕಡಲೆಕಾಯಿ ಹಿಂಡಿಯನ್ನೋ ಬೇವಿನ ಹಿಂಡಿಯನ್ನೋ ನೆನೆಸಿ ಕೊಡುವವರು ಚೆನ್ನಾಗಿ ಕಳಿತ ತಿಳಿಯನ್ನು ಮಾತ್ರ ಬಸಿದು, ಅದು ತೆಳುವಾದ ಚಹದ ಬಣ್ಣಕ್ಕೆ ಬರುವವರೆಗೆ ನೀರು ಬೆರೆಸಬೇಕು. ಯಾವುದನ್ನೇ ಆಗಲಿ ಒಣಗಿದ ಮಣ್ಣಿಗೆ ಹುಯ್ಯಬಾರದು. ಮೊದಲು ನೀರು, ಆಮೇಲೆ ಗೊಬ್ಬರ.

ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿರುವವರ ಮನೆಗಳಲ್ಲಿ ಹೊಸ ಎಲೆಗಳು ನರಗಳಷ್ಟೇ ಹಸುರಾಗಿ ಉಳಿದು ನಡುನಡುವೆ ಹಳದಿಯಾಗುವುದನ್ನು ಕಾಣುತ್ತೇವೆ. ಅಂತಹ ನೀರಿನ ಕ್ಷಾರಗುಣದಿಂದ ಮಣ್ಣಿನ ಕಬ್ಬಿಣವು ಬೇರಿಗೆ ದಕ್ಕದೆ ಹೋಗುವುದೇ ಇದಕ್ಕೆ ಸಾಮಾನ್ಯವಾದ ಕಾರಣ. ಹಸಿವೆಂದು ಬಗೆದು ಗೊಬ್ಬರ ಸುರಿಯುವುದಕ್ಕೆ ಮುಂಚೆ, ಸೂರಿನಡಿ ಒಂದು ತೊಟ್ಟಿಯನ್ನಿಟ್ಟು ಆಷಾಢದ ಮಳೆನೀರನ್ನು ಹಿಡಿದು ಕುಂಡಗಳಿಗೆ ಉಣಿಸಿ ನೋಡಿರಿ.

ಹೊಸ ಎಲೆಗಳು ಐದಾರು ಬಂದ ಮೇಲೆ ಕುಡಿ ಚಿವುಟಿ. ಅನಂತರ ಕುಂಡವನ್ನು ತಲೆಕೆಳಗಾಗಿಸಿ ಅಂಚನ್ನು ಮೆಲ್ಲನೆ ತಟ್ಟಿದಾಗ ಮಣ್ಣು ಚದುರದೆ ಇಡಿಯಾಗಿ ಕೈಗೆ ಬಂದು, ಸುತ್ತಲೂ ಬಿಳಿಯ ಬೇರು ಕಂಡರೆ, ಆರಂಗುಲದ ಕುಂಡಕ್ಕೆ ಬದಲಾಯಿಸಬಹುದು.