ಬೀಸುಕಲ್ಲಿನೆದುರು ಕಾಣದ ಗಂಡ

ಜತ್ತ ತಾಲ್ಲೂಕಿನ ಅಸಂಗಿಯಂಥ ಗಡಿಯೂರುಗಳ ಪರಿಸರದಲ್ಲಿ ಕನ್ನಡದ ತ್ರಿಪದಿಯೂ ಮರಾಠಿಯ ಓವಿಯೂ ನೆರೆಹೊರೆಯ ಪ್ರಕಾರಗಳು. ಎರಡೂ ಬೀಸುಕಲ್ಲಿನ ಮುಂದೆ, ಮನೆಗೆಲಸದ ನಡುವೆಯೇ ಬೆಳೆದವು. ಆದರೂ ಆ ಕೆಲಸ ಯಾರ ಪಾಲಿನದು ಎಂಬ ಗಂಡಹೆಂಡಿರ ತಕರಾರು ಅವುಗಳಲ್ಲಿ ನೇರವಾಗಿ ಕೇಳಿಸುವುದು ಅಪರೂಪ. ಈ ಮೌನವನ್ನು ಒಪ್ಪಿಗೆಯೆಂದು ಓದುವ ರೂಢಿಯನ್ನು ಮರುಪರಿಶೀಲಿಸಬೇಕಾಗಿದೆ.

ಹಲಸಂಗಿ ಗೆಳೆಯರು ಸಂಗ್ರಹಿಸಿದ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟವಾದವು. ಜನಪದ ಸಾಹಿತ್ಯಕ್ಕೆ ಗೌರವದ ಸ್ಥಾನ ದೊರಕಿಸಿದ ಈ ಸಂಕಲನದ ಹೆಸರೇ ಓದಿನ ದಾರಿಯನ್ನೂ ಹಾಕಿಕೊಟ್ಟಿತು: ಹಾಡುವವಳು ಗರತಿ, ಆದ್ದರಿಂದ ಸಹನೆ ಅವಳ ಸಹಜಗುಣ. ಆದರೆ ಬೀಸುವ ಹಾಡುಗಳ ಪರಂಪರೆಯಲ್ಲಿ ದೂರಿಗೆ ಕೊರತೆಯಿಲ್ಲ. ದೂರು ಯಾರ ಮೇಲೆ ಎಂಬುದಷ್ಟೇ ಬದಲಾಗಿದೆ. ಅತ್ತೆಯ ಬಿರುಸು, ನಾದಿನಿಯ ಕೊಂಕು, ತವರಿನ ಹಂಬಲ ಇವೆಲ್ಲ ದುಡಿಮೆಯ ಭಾರವನ್ನೇ ಹೇಳುತ್ತವೆ. ರಾಯನೆಂದು ಹೊಗಳಿಸಿಕೊಳ್ಳುವ ಗಂಡ ಈ ಭಾರದ ಲೆಕ್ಕಕ್ಕೆ ಸಿಗುವುದಿಲ್ಲ. ಕಲ್ಲಿನ ಗೂಟಕ್ಕೆ ಜೊತೆಯಾಗಿ ಕೈಹಚ್ಚುವವಳೂ ಇನ್ನೊಬ್ಬ ಹೆಣ್ಣೇ. ಹೀಗೆ ದಂಪತಿಗಳ ನಡುವಿನ ಸಂಘರ್ಷವನ್ನು ಕೂಡುಕುಟುಂಬವು ಹೆಂಗಸರ ನಡುವಿನ ಜಗಳವಾಗಿ ಮಾರ್ಪಡಿಸಿತು.

ಮರಾಠಿ ಪರಂಪರೆ ಇನ್ನೊಂದು ದಾರಿ ಹಿಡಿಯಿತು. ನಾಮದೇವನ ಮನೆಯ ದಾಸಿ ಜನಾಬಾಯಿಯೊಡನೆ ಪಂಢರಪುರದ ವಿಠ್ಠಲನೇ ಬೀಸಲು ಕುಳಿತನೆಂಬುದು ವಾರಕರಿಗಳ ನಂಬಿಕೆ. ಇದನ್ನು ಭಕ್ತಿಯ ಮಹಿಮೆಯೆಂದಷ್ಟೇ ಓದಿದರೆ ಸಾಲದು. ಕಲ್ಲಿನ ಬಳಿ ಗಂಡಸೊಬ್ಬ ಬಂದು ಕೂರಬೇಕಾದರೆ ಅವನು ದೇವರೇ ಆಗಿರಬೇಕಾಯಿತು ಎಂಬ ಸಾಮಾಜಿಕ ಸತ್ಯವೂ ಅದರಲ್ಲಿದೆ.

ಗಂಡನನ್ನೇ ಎದುರಿಗೆ ನಿಲ್ಲಿಸಿ ಮಾತಾಡಿದವಳು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸೆಂದಳು; ಅವನು ಕಾಯಕ ಮರೆತಾಗ ಎಚ್ಚರಿಸಿದಳು. ದಾಂಪತ್ಯದಲ್ಲಿ ಹೆಂಡತಿಗೂ ತೀರ್ಪಿನ ಹಕ್ಕಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಕನ್ನಡದಲ್ಲಿ ವಿರಳ. ಆದರೂ ಇಲ್ಲಿಯ ವಿವಾದ ಗಂಡನ ಹೊರಗಿನ ಕಾಯಕದ್ದು. ಆ ಅಕ್ಕಿಯನ್ನು ಯಾರು ಬೇಯಿಸಬೇಕು ಎಂಬ ಪ್ರಶ್ನೆ ಏಳಲಿಲ್ಲ. ಅಡುಗೆ ಅವಳದಾಗಿಯೇ ಉಳಿಯಿತು.

ಇಂದು ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದೆ. ಹಾಡು ನಿಂತರೂ ಅಸಮಾನತೆ ನಿಂತಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಗಂಡಸರು 97 ನಿಮಿಷ. ಮೇಲಾಗಿ, ಆಗ ಅಂಥ ಕೆಲಸ ಮಾಡುತ್ತಿದ್ದ ಗಂಡಸರ ಪ್ರಮಾಣವೇ ಶೇ. 26.1 ಇತ್ತು; ಹೆಂಗಸರದು ಶೇ. 81.2. ಕೂಡುಕುಟುಂಬ ಒಡೆದ ಮನೆಗಳಲ್ಲಿ ದೂರು ಹೊರಿಸಲು ಅತ್ತೆಯೂ ಇಲ್ಲ, ಕೈಹಚ್ಚಲು ನಾದಿನಿಯೂ ಇಲ್ಲ. ಹಾಡು ಮರೆಮಾಡಿದ್ದ ತಕರಾರು ಅಲ್ಲಿ ನೇರ ಮಾತಿಗೆ ಬರುತ್ತದೆ.

ಗಡಿನಾಡಿನ ಸಂಗ್ರಹಕಾರರ ಹೊಣೆ ಇಲ್ಲಿ ಹಿಗ್ಗುತ್ತದೆ. ಹಾಡಿನ ಪಠ್ಯದೊಡನೆ ಕಲ್ಲಿನ ಆಚೆ ಬದಿಗೆ ಯಾರು ಕುಳಿತಿದ್ದರು, ನೀರು ತಂದವರು ಯಾರು, ಆ ಹೊತ್ತಿಗೆ ಗಂಡ ಎಲ್ಲಿದ್ದ ಎಂಬುದನ್ನೂ ದಾಖಲಿಸಬೇಕು. ಎರಡು ಭಾಷೆ ಬೆರೆತ ಇಂದಿನ ಮನೆಜಗಳದ ಮಾತೂ ಸಂಗ್ರಹಯೋಗ್ಯವೇ. ಇಲ್ಲವಾದರೆ ಗರತಿಯ ತಾಳ್ಮೆಯನ್ನು ಕೊಂಡಾಡುತ್ತ, ಅವಳ ದೂರನ್ನು ನಾವೇ ಕೈಬಿಟ್ಟಂತಾಗುತ್ತದೆ.