ನೆಲೆ ಬೇಡಿ ಬಂದವರು: ಮೂರು ಕಾದಂಬರಿಗಳ ಓದು

ಭಯದ ಕಥೆಗಳೂ ಅದ್ಭುತ ಲೋಕದ ಕಥೆಗಳೂ ಹೊತ್ತು ಕಳೆಯಲು, ಬಾಳನ್ನು ಅರಿಯಲು ಮಾತ್ರ ಗಂಭೀರ ಕಾದಂಬರಿಗಳು ಎಂಬ ವಿಂಗಡಣೆ ನಮ್ಮ ಓದುಗರಲ್ಲಿ ಆಳವಾಗಿ ಬೇರೂರಿದೆ. ಈಚೆಗೆ ಒಂದರ ಬೆನ್ನಿಗೊಂದು ಓದಿದ ಮೂರು ಇಂಗ್ಲಿಷ್ ಕಾದಂಬರಿಗಳು ನನ್ನ ಮಟ್ಟಿಗೆ ಈ ವಿಂಗಡಣೆಯನ್ನು ಸಡಿಲಗೊಳಿಸಿವೆ. ಅವುಗಳ ಕಾಲ, ದೇಶ, ಧಾಟಿ ಬೇರೆಬೇರೆ. ಆದರೆ ಯಾರೂ ಇಲ್ಲದವನಿಗೆ ಈ ಲೋಕದಲ್ಲಿ ನೆಲೆ ಎಲ್ಲಿದೆ ಎಂಬ ಪ್ರಶ್ನೆ ಮೂರರಲ್ಲೂ ಇದೆ.

ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ 1959ರಲ್ಲಿ ಪ್ರಕಟಿಸಿದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ದೆವ್ವದ ಮನೆಯ ಕಥೆ. ನಮ್ಮ ಊರುಕಡೆಯ ಕಥೆಗಳ ದೆವ್ವಕ್ಕೆ ಸಾಮಾನ್ಯವಾಗಿ ಒಂದು ಹೆಸರಿರುತ್ತದೆ, ತೀರದ ಒಂದು ಆಸೆಯಿರುತ್ತದೆ. ಇಲ್ಲಿ ದೆವ್ವ ಕಣ್ಣಿಗೆ ಬೀಳುವುದೇ ಇಲ್ಲ. ತೀರದ ಆಸೆಯಿರುವುದು ಬದುಕಿರುವ ಹೆಣ್ಣಿಗೆ. ಮೂವತ್ತೆರಡು ವರ್ಷದ ಎಲೀನರ್ ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಆರೈಕೆಯಲ್ಲೇ ಕಳೆದವಳು. ತಾಯಿ ತೀರಿದ ಮೇಲೆ ಅಕ್ಕನ ಮನೆಯಲ್ಲಿ ಮಗುವಿನ ಕೋಣೆಯ ಮಂಚವೇ ಅವಳ ಪಾಲಿಗೆ ಬಂದದ್ದು. ಪ್ರೇತಗಳ ಸಂಶೋಧನೆಗೆಂದು ಪ್ರಾಧ್ಯಾಪಕರೊಬ್ಬರು ಹಳೆಯ ಬಂಗಲೆಗೆ ಕರೆದಾಗ, ಜೀವನದಲ್ಲಿ ಮೊದಲ ಬಾರಿಗೆ ತನಗೂ ಕರೆ ಬಂತೆಂದು ಹಿಗ್ಗುತ್ತಾಳೆ. ಕತ್ತಲಲ್ಲಿ ಗೆಳತಿಯ ಕೈಯೆಂದು ಬಿಗಿಯಾಗಿ ಹಿಡಿದುಕೊಂಡವಳಿಗೆ, ದೀಪ ಹತ್ತಿದಾಗ ಆ ಗೆಳತಿ ದೂರದ ಹಾಸಿಗೆಯಲ್ಲಿರುವುದು ಕಾಣುವ ಸನ್ನಿವೇಶ ಎಂಥವರನ್ನೂ ನಡುಗಿಸುತ್ತದೆ. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಕೊನೆಯ ಭಾಗ. ಅವಳ ಸ್ಥಿತಿ ಹದಗೆಟ್ಟಿದೆ ಎಂದು ಕಂಡಾಗ ಜೊತೆಗಾರರೆಲ್ಲ ಸಭ್ಯವಾಗಿ, ಅವಳ ಒಳಿತಿಗೆಂದೇ, ಅವಳನ್ನು ಊರಿಗೆ ಹೊರಡಿಸುತ್ತಾರೆ. ಅವಳಿಗೆ ಹಿಂತಿರುಗಲು ಊರಿಲ್ಲ. ಅವಳು ತನ್ನ ಕಾರನ್ನು ಆ ಮನೆಯಂಗಳದ ಮರಕ್ಕೇ ನುಗ್ಗಿಸುತ್ತಾಳೆ. ಬಂಗಲೆಗಿಂತ ಆ ಸಭ್ಯತೆಯೇ ಭೀಕರವೆಂದು ನನಗೆ ತೋರಿತು.

ಸುಸಾನಾ ಕ್ಲಾರ್ಕ್ ಅವರ ‘ಪಿರಾನೆಸಿ’ (2020) ಅದ್ಭುತ ಲೋಕದ ಕಾದಂಬರಿ. 2021ರಲ್ಲಿ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಪಡೆದದ್ದು. ಕೊನೆಯಿಲ್ಲದ ಹಜಾರಗಳ ಒಂದು ಮನೆ. ಗೋಡೆಯುದ್ದಕ್ಕೂ ಶಿಲಾಮೂರ್ತಿಗಳು, ಕೆಳ ಅಂತಸ್ತಿನಲ್ಲಿ ಕಡಲು, ಮೇಲಂತಸ್ತಿನಲ್ಲಿ ಮೋಡ. ಅಲ್ಲಿ ಒಂಟಿಯಾಗಿ ಬದುಕುವ ನಿರೂಪಕ ಮೀನು ಹಿಡಿದು ತಿನ್ನುತ್ತಾನೆ, ಭರತ ಇಳಿತಗಳ ಲೆಕ್ಕ ಬರೆಯುತ್ತಾನೆ. ವಾರಕ್ಕೆರಡು ಬಾರಿ ಬಂದುಹೋಗುವ ಒಬ್ಬನೇ ಅವನಿಗೆ ಬಳಗ, ಆತನೋ ಕಪಟಿ. ಆ ಮನೆಯಲ್ಲಿ ಹದಿಮೂರು ಮಂದಿಯ ಅಸ್ಥಿಗಳಿವೆ. ಅವರು ಯಾರೆಂದು ಇವನಿಗೆ ಗೊತ್ತಿಲ್ಲ. ಆದರೂ ಒಬ್ಬೊಬ್ಬರಿಗೂ ಒಂದು ಗುರುತು ಕೊಟ್ಟು, ಅನ್ನಪಾನವನ್ನೂ ನೈದಿಲೆಯನ್ನೂ ಒಯ್ದಿಟ್ಟು ಮಾತನಾಡಿಸುತ್ತಾನೆ. ತನಗೇ ಯಾರೂ ಇಲ್ಲದವನು ಸತ್ತವರಿಗೆ ಬಂಧುವಾಗುವ ಈ ಪುಟಗಳಿಗಾಗಿಯೇ ಪುಸ್ತಕವನ್ನು ಓದಬೇಕು. ಉತ್ತರಾರ್ಧದಲ್ಲಿ ಪತ್ತೇದಾರಿ ಜಾಡು ಹಿಡಿದು ಪ್ರತಿಯೊಂದು ಗಂಟನ್ನೂ ಬಿಡಿಸುವ ಅವಸರ ಮಾತ್ರ ನನಗೆ ಒಗ್ಗಲಿಲ್ಲ. ಮನೆಯ ನಿಗೂಢತೆ ಅಲ್ಲಿ ಸ್ವಲ್ಪ ಕುಗ್ಗುತ್ತದೆ.

ಇನ್ನು ಮೂರನೆಯದು, ಮರಿಲಿನ್ ರಾಬಿನ್ಸನ್ ಅವರ ‘ಗಿಲ್ಯಾದ್’. 2004ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಗಳಿಸಿದ ಕೃತಿ. ಗಿಲ್ಯಾದಿನ ತೈಲದ ಬಗ್ಗೆ ಪ್ರವಾದಿ ಯೆರೆಮೀಯ ಕೇಳಿದ ಪ್ರಶ್ನೆಯನ್ನು ಬಲ್ಲವರಿಗೆ ಶೀರ್ಷಿಕೆಯಲ್ಲೇ ಒಂದು ಸಂದೇಹ ಕೇಳಿಸೀತು. 1956ರ ಆಯೋವಾ ರಾಜ್ಯದ ಪುಟ್ಟ ಊರು. ಎಪ್ಪತ್ತಾರು ವರ್ಷದ ಸಭಾಪಾಲಕ ಜಾನ್ ಏಮ್ಸ್. ಹೃದಯ ಸೋಲುತ್ತಿರುವ ಈ ವೃದ್ಧ ತನ್ನ ಏಳು ವರ್ಷದ ಮಗ ದೊಡ್ಡವನಾದ ಮೇಲೆ ಓದಲೆಂದು ಬರೆಯುವ ಪತ್ರವೇ ಕಾದಂಬರಿ. ಬೆಳಕು, ನೀರು, ದೀಕ್ಷಾಸ್ನಾನ ಕುರಿತ ಅವನ ಚಿಂತನೆಗಳನ್ನು ಬಹಳ ಜನ ಕೊಂಡಾಡಿದ್ದಾರೆ, ಸರಿಯಾಗಿಯೇ. ಆದರೆ ಕೃತಿಯ ಪರೀಕ್ಷೆಯಿರುವುದು ಜ್ಯಾಕ್ ಎಂಬವನ ಪ್ರಸಂಗದಲ್ಲಿ. ಇವನು ಏಮ್ಸನ ಆಪ್ತಮಿತ್ರನ ಮಗ. ಏಮ್ಸನೇ ಸ್ನಾನದೀಕ್ಷೆ ಕೊಟ್ಟು ತನ್ನ ಹೆಸರಿಟ್ಟವನು. ಯೌವನದಲ್ಲಿ ಬಡ ಹುಡುಗಿಯೊಬ್ಬಳಿಗೆ ಮಗುವನ್ನಿತ್ತು ತೊರೆದುಹೋಗಿದ್ದ. ಆ ಮಗು ತೀರಿಕೊಂಡಿತು. ಮೊದಲ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡಿದ್ದ ಏಮ್ಸ್ ಅದನ್ನು ಮರೆಯಲಾರ.

ಮರಳಿ ಬಂದ ಜ್ಯಾಕ್ ಬಹುಕಾಲ ಬಚ್ಚಿಟ್ಟುಕೊಂಡ ಸಂಗತಿಯೆಂದರೆ, ಅವನ ಹೆಂಡತಿ ಡೆಲ್ಲಾ ಕಪ್ಪು ಜನಾಂಗದವಳು, ಅವರಿಗೆ ಒಬ್ಬ ಮಗನಿದ್ದಾನೆ. ಅವರು ಬಾಳಿದ ಮಿಸೌರಿಯಲ್ಲಿ ಅಂಥ ಮದುವೆಗೆ ಕಾನೂನಿನ ನಿಷೇಧವಿತ್ತು; ಆಯೋವಾದಲ್ಲಿ ಇರಲಿಲ್ಲ. ಇಲ್ಲಿ ನಾವು ಸಂಸಾರ ಮಾಡಬಹುದೇ ಎಂಬುದೇ ಜ್ಯಾಕ್‌ನ ಪ್ರಶ್ನೆ. ಏಮ್ಸ್ ನೇರ ಉತ್ತರ ಕೊಡಲಾರ. ಬಸ್ಸಿಗೆ ಕಾಯುತ್ತಿರುವಲ್ಲಿ ಅವನ ಹಣೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಅಪೂರ್ವ ಕಾರುಣ್ಯದ ಪುಟ ಅದು. ಆದರೂ ಆಶೀರ್ವಾದ ಪಡೆದವನು ಊರು ಬಿಟ್ಟು ಹೋಗುತ್ತಾನೆ.

ಇದಕ್ಕೆ ಮುಂಚೆ ಏಮ್ಸ್ ಅದೇ ಊರಿನ ಕಪ್ಪು ಜನರ ಆಲಯಕ್ಕೆ ಹಿಂದೆ ಯಾರೋ ಬೆಂಕಿಯಿಟ್ಟದ್ದನ್ನು ಸಣ್ಣ ಘಟನೆಯೆಂಬಂತೆ ದಾಟಿಸಿದ್ದಾನೆ. ಆ ಜನ ಊರು ಬಿಟ್ಟರು. ಅವರ ಪಾಲಕ ಹೊರಡುವಾಗ ಲಿಲ್ಲಿ ಹೂವಿನ ಗಡ್ಡೆಗಳನ್ನು ಕೊಟ್ಟುಹೋದ. ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ತಾತನ ಮೊಮ್ಮಗನಿಗೆ ಹೂವು ನೆನಪಿದೆ, ಬೆಂಕಿ ಮಸುಕಾಗಿದೆ. ಲೇಖಕಿ ಇದನ್ನು ಬೇಕೆಂದೇ ಹೀಗೆ ಇಟ್ಟಿದ್ದಾರೆಂದು ನಾನು ಬಲವಾಗಿ ನಂಬುತ್ತೇನೆ. ಏಮ್ಸ್‌ನನ್ನು ಬರಿಯ ಸಂತನೆಂದು ಓದುವವರು ಈ ಸಾಲುಗಳನ್ನು ಮತ್ತೊಮ್ಮೆ ನೋಡಬೇಕು.

ಇದೇ ದಿನಗಳನ್ನು ಜ್ಯಾಕ್‌ನ ತಂದೆಯ ಮನೆಯೊಳಗಿನಿಂದ ಹೇಳುವ ‘ಹೋಮ್’ ಎಂಬ ಕಾದಂಬರಿಯನ್ನು ರಾಬಿನ್ಸನ್ 2008ರಲ್ಲಿ ಪ್ರಕಟಿಸಿದರು. ಅದರ ಕೊನೆಯಲ್ಲಿ ಡೆಲ್ಲಾ ಮಗನೊಡನೆ ಆ ಮನೆಯನ್ನು ಹುಡುಕಿಕೊಂಡು ಬರುತ್ತಾಳೆ. ಆ ವೇಳೆಗೆ ಜ್ಯಾಕ್ ಹೊರಟುಹೋಗಿರುತ್ತಾನೆ. ಕತ್ತಲಾಗುವ ಮುನ್ನ ಊರು ದಾಟಬೇಕಾದ ಅವರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.